ಕುದುರೆ ಸವಾರನ ಪ್ರತಿಮೆ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರು, ಹಳೇಬೀಡು ನೋಡಲು ಬರುವ ಶಾಲಾ ಮಕ್ಕಳು, ಅವರನ್ನು ಕರೆತರುವ ಮೇಷ್ಟರುಗಳು, ತಮ್ಮೂರಿನ ವೃತ್ತಕ್ಕೂ ಒಂದು ಕುದುರೆ ಪ್ರತಿಮೆ ಬೇಕೆಂದು ಅರ್ಜಿ ಹಿಡಿದು ಓಡಾಡುವ ಯುವಕ ಸಂಘದವರು, ಹೊಲದಲ್ಲಿ ಕುದುರೆ ಕೆತ್ತಿದ ಕಲ್ಲು ಸಿಕ್ಕಿತೆಂದು ಫೋಟೊ ತೋರಿಸುವ ರೈತರು ಕೇಳುವ ಪ್ರಶ್ನೆಗಳಿವು. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು. ಕೆಲವಕ್ಕೆ ರೋಮ್‌ವರೆಗೆ ಹೋಗಿ ಬರಬೇಕಾಗುತ್ತದೆ.

ಕುದುರೆಯ ಕಾಲು ನೋಡಿ ಸವಾರ ಹೇಗೆ ಸತ್ತನೆಂದು ಹೇಳಬಹುದಂತೆ. ನಿಜವೇ?

ಸುಳ್ಳು. ಎರಡೂ ಮುಂಗಾಲು ಎತ್ತಿದ್ದರೆ ಯುದ್ಧದಲ್ಲಿ ಮರಣ, ಒಂದು ಎತ್ತಿದ್ದರೆ ಗಾಯದಿಂದ ಮರಣ, ನಾಲ್ಕೂ ನೆಲದ ಮೇಲಿದ್ದರೆ ಸಹಜ ಸಾವು ಎಂಬ ಸಂದೇಶ ಮೊಬೈಲ್‌ನಿಂದ ಮೊಬೈಲ್‌ಗೆ ವರ್ಷಗಳಿಂದ ಓಡುತ್ತಿದೆ. ಪರೀಕ್ಷೆ ಮಾಡಿ ನೋಡೋಣ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೀಟರ್ ದೊರೆಯ ಕುದುರೆ ಎರಡೂ ಮುಂಗಾಲು ಎತ್ತಿ ನಿಂತಿದೆ. ಪೀಟರ್ 1725ರಲ್ಲಿ ಕಾಯಿಲೆಯಿಂದ ಸತ್ತ. ಮ್ಯಾಡ್ರಿಡ್‌ನಲ್ಲಿ ಸ್ಪೇನಿನ ದೊರೆ ನಾಲ್ಕನೇ ಫಿಲಿಪ್‌ನ ಕುದುರೆಯೂ ಹಾಗೆಯೇ ಇದೆ. ಅವನೂ ಹಾಸಿಗೆಯಲ್ಲೇ ಸತ್ತವನು. ವಾಷಿಂಗ್ಟನ್‌ನಲ್ಲಿ ಅಮೆರಿಕದ ಅಧ್ಯಕ್ಷನಾಗಿದ್ದ ಆಂಡ್ರ್ಯೂ ಜಾಕ್ಸನ್‌ನ ಕುದುರೆ ಹಿಂಗಾಲುಗಳ ಮೇಲೆ ನಿಂತು ಕೆನೆಯುತ್ತಿದ್ದರೂ ಆತ 1845ರಲ್ಲಿ ತನ್ನ ಮನೆಯಲ್ಲೇ ಕಣ್ಣು ಮುಚ್ಚಿದ. ಅಮೆರಿಕದ ಗೆಟ್ಟಿಸ್‌ಬರ್ಗ್ ಯುದ್ಧಭೂಮಿಯ ಪ್ರತಿಮೆಗಳಲ್ಲಿ ಈ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ. ಆದರೆ 1998ರಲ್ಲಿ ಅಲ್ಲಿ ನಿಲ್ಲಿಸಿದ ದಳಪತಿ ಲಾಂಗ್‌ಸ್ಟ್ರೀಟ್‌ನ ಪ್ರತಿಮೆ, ಆತನಿಗೆ ಆ ಯುದ್ಧದಲ್ಲಿ ಗಾಯವಾಗದಿದ್ದರೂ, ಒಂದು ಕಾಲೆತ್ತಿದ ಕುದುರೆಯ ಮೇಲೆ ಕುಳಿತು ಆ ಲೆಕ್ಕವನ್ನೂ ಕೆಡಿಸಿತು.

ನಮ್ಮ ಕಡೆಯ ವೀರಗಲ್ಲುಗಳಲ್ಲಂತೂ ಕುದುರೆಯ ಕಾಲು ಎಣಿಸುವುದೇ ವ್ಯರ್ಥ. ಅಲ್ಲಿರುವ ಸವಾರರೆಲ್ಲ ಹೋರಾಡಿ ಸತ್ತವರೇ.

ಹಾಗಾದರೆ ಶಿಲ್ಪಿ ಕುದುರೆಯ ಕಾಲನ್ನು ಏಕೆ ಎತ್ತಿಸುತ್ತಾನೆ?

ಒಂದು ಚಲನೆಗಾಗಿ, ಇನ್ನೊಂದು ತನ್ನ ಕೈಚಳಕ ತೋರಿಸುವುದಕ್ಕಾಗಿ. ಟನ್‌ಗಟ್ಟಲೆ ಕಂಚನ್ನು ನಾಲ್ಕು ತೆಳು ಕಾಲುಗಳ ಮೇಲೆ ನಿಲ್ಲಿಸುವುದೇ ಕಷ್ಟ. ಎರಡು ಕಾಲುಗಳ ಮೇಲೆ ನಿಲ್ಲಿಸುವುದು ತೂಕದ ಲೆಕ್ಕ. 1640ರಲ್ಲಿ ಪಿಯೆತ್ರೊ ತಾಕ್ಕಾ ಮುಗಿಸಿದ ಮ್ಯಾಡ್ರಿಡ್‌ನ ಕುದುರೆ ಈ ಸಾಹಸದ ಮೊದಲ ದೊಡ್ಡ ಉದಾಹರಣೆ. ಅದಕ್ಕೆ ಗೆಲಿಲಿಯೋ ಸಲಹೆ ಕೊಟ್ಟನೆಂಬ ಮಾತು ಬಹಳ ಕಾಲದಿಂದ ಇದೆ. ಉಪಾಯ ಸರಳ: ಹಿಂಭಾಗವನ್ನು ದಪ್ಪವಾಗಿ ಎರಕ ಹೊಯ್ಯುವುದು, ಮುಂಭಾಗವನ್ನು ಟೊಳ್ಳಾಗಿ, ತೆಳುವಾಗಿ ಬಿಡುವುದು, ಬಾಲವನ್ನು ಮೂರನೆಯ ಕಾಲಾಗಿ ಬಳಸಿಕೊಳ್ಳುವುದು. ಪೀಟರ್ಸ್‌ಬರ್ಗ್‌ನ ಪ್ರತಿಮೆಯನ್ನು ಮಾಡಿದ ಫಾಲ್ಕೊನೆ ಕುದುರೆಯ ಗೊರಸಿನ ಕೆಳಗೆ ಒಂದು ಹಾವನ್ನು ಇಟ್ಟ. ದ್ರೋಹದ ಸಂಕೇತವೆಂದು ಅದನ್ನು ಹೊಗಳುವವರಿದ್ದಾರೆ. ಆದರೆ ಕುದುರೆಯ ಬಾಲಕ್ಕೆ ತಾಗಿ ಭಾರ ಹೊರುತ್ತಿರುವುದೂ ಆ ಹಾವೇ.

ಕಲ್ಲಿನಲ್ಲಿ ಈ ಆಟ ನಡೆಯುವುದಿಲ್ಲ. ಹೊಟ್ಟೆಯ ಭಾರಕ್ಕೆ ಕಲ್ಲಿನ ಕಾಲು ಮುರಿಯುತ್ತದೆ. ಹಾಗಾಗಿ ನಮ್ಮ ಶಿಲ್ಪಿಗಳು ಕುದುರೆಯನ್ನು ಗೋಡೆಗೋ ಕಂಬಕ್ಕೋ ಅಂಟಿದಂತೆಯೇ ಕೆತ್ತಿದರು. ತಮಿಳುನಾಡಿನ ಶ್ರೀರಂಗದ ಶೇಷರಾಯ ಮಂಟಪದಲ್ಲಿ ಮುಂಗಾಲೆತ್ತಿ ಜಿಗಿಯುವ ಕುದುರೆಗಳು ಎಷ್ಟೇ ಬಿಡಿಯಾಗಿ ಕಂಡರೂ ಬೆನ್ನಿಗೆ ಕಂಬವಿದೆ.

ನಗರದ ನಡುವೆ ಕುದುರೆ ಸವಾರನನ್ನು ನಿಲ್ಲಿಸುವ ಪದ್ಧತಿ ಎಲ್ಲಿಯದು?

ಇಂದು ನಾವು ವೃತ್ತಗಳಲ್ಲಿ ನೋಡುವ ಮಾದರಿ ರೋಮ್‌ನದು. ಸುಮಾರು ಕ್ರಿ.ಶ. 175ರಲ್ಲಿ ಮಾಡಿದ, ಚಿನ್ನದ ಲೇಪವಿದ್ದ ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಕಂಚಿನ ಪ್ರತಿಮೆ ಈ ವಂಶದ ಮೂಲಪುರುಷ. ಎತ್ತರ ನಾಲ್ಕು ಮೀಟರಿಗಿಂತ ತುಸು ಹೆಚ್ಚು. ರೋಮ್‌ನಲ್ಲಿ ಇಂತಹ ಕಂಚಿನ ಸವಾರರು ಇನ್ನೂ ಬೇಕಾದಷ್ಟು ಇದ್ದರು. ನಂತರದವರು ಅವುಗಳನ್ನು ಕರಗಿಸಿ ಲೋಹವನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು. ಇದೊಂದು ಉಳಿದ ಬಗೆ ತಮಾಷೆಯಾಗಿದೆ. ಮಧ್ಯಯುಗದ ಕ್ರೈಸ್ತರು ಇವನನ್ನು ಕಾನ್‌ಸ್ಟಂಟೈನ್ ಎಂದು ತಿಳಿದಿದ್ದರು. ಕಾನ್‌ಸ್ಟಂಟೈನ್ ಅವರ ಧರ್ಮಕ್ಕೆ ಆಶ್ರಯ ಕೊಟ್ಟ ದೊರೆ, ಅವನನ್ನು ಕರಗಿಸುವುದುಂಟೇ? ಬೇರೊಬ್ಬನ ಹೆಸರಿನ ನೆರಳಿನಲ್ಲಿ ಮಾರ್ಕಸ್ ಸಾವಿರ ವರ್ಷ ಬದುಕಿದ. 1538ರಲ್ಲಿ ಪ್ರತಿಮೆಯನ್ನು ಕ್ಯಾಪಿಟೋಲಿನ್ ಬೆಟ್ಟಕ್ಕೆ ತಂದರು, ಅದರ ಸುತ್ತಲಿನ ಚೌಕವನ್ನು ಮೈಕೆಲಾಂಜೆಲೊ ರೂಪಿಸಿದ. ಈಗ ಮೂಲ ಪ್ರತಿಮೆ ವಸ್ತುಸಂಗ್ರಹಾಲಯದ ಒಳಗಿದೆ, ಚೌಕದಲ್ಲಿರುವುದು ನಕಲು.

ಇದನ್ನು ನೋಡಿಯೇ ಇಟಲಿಯವರು ಮತ್ತೆ ಕಂಚಿನ ಸವಾರರನ್ನು ಮಾಡತೊಡಗಿದರು. ಪಾದುವಾ ನಗರದಲ್ಲಿ ದೊನಾತೆಲ್ಲೊ ಮಾಡಿದ ಗಟ್ಟಮೆಲಾಟನ ಪ್ರತಿಮೆ 1453ರದು. ಆ ಸವಾರ ದೊರೆಯಲ್ಲ, ಕೂಲಿ ಸೈನ್ಯದ ದಳಪತಿ. ಅಲ್ಲಿಂದ ಫ್ರಾನ್ಸ್, ಸ್ಪೇನ್, ಇಂಗ್ಲೆಂಡ್ ದಾಟಿ, ಕಂಪನಿ ಸರ್ಕಾರದ ಹಡಗೇರಿ, ಈ ಕುದುರೆ ನಮ್ಮ ದೇಶಕ್ಕೂ ಬಂತು.

ಚೆನ್ನೈನಲ್ಲಿ ರಿಕಾಪು ಇಲ್ಲದ ಕುದುರೆ ಪ್ರತಿಮೆ ಇದೆಯಂತೆ. ಶಿಲ್ಪಿ ಮರೆತನೇ?

ರಿಕಾಪು ಎಂದರೆ ಸವಾರ ಪಾದ ಊರುವ ಕೊಂಡಿ. ಆ ಪ್ರತಿಮೆ ಥಾಮಸ್ ಮನ್ರೋನದು. ಫ್ರಾನ್ಸಿಸ್ ಚಾಂಟ್ರಿ ಎಂಬ ಇಂಗ್ಲಿಷ್ ಶಿಲ್ಪಿ ಮಾಡಿದ್ದು. 1839ರಲ್ಲಿ ಮದರಾಸಿನಲ್ಲಿ ನಿಂತಿತು. ಮನ್ರೋ ನಮಗೆ ಅಪರಿಚಿತನೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಹಂಚಿದ ಆಯೋಗದ ಕಾರ್ಯದರ್ಶಿಗಳಲ್ಲಿ ಒಬ್ಬ, ಬೆನ್ನಿಗೇ ಕನ್ನಡ ಕರಾವಳಿಯ ಕಲೆಕ್ಟರ್ ಆದವ. ರೈತವಾರಿ ಕಂದಾಯ ಪದ್ಧತಿಯೊಂದಿಗೆ ಅವನ ಹೆಸರು ಸೇರಿಕೊಂಡಿದೆ. ಮದರಾಸಿನ ಗವರ್ನರ್ ಆಗಿದ್ದಾಗಲೇ 1827ರಲ್ಲಿ ಕಾಲರಾದಿಂದ ಸತ್ತ.

ಜೀನು, ರಿಕಾಪು ಎರಡನ್ನೂ ಮರೆತ ಶಿಲ್ಪಿ ಅವಮಾನ ತಾಳದೆ ಪ್ರಾಣ ಬಿಟ್ಟನೆಂಬ ಕಥೆ ಇದೆ. ಚಾಂಟ್ರಿ ಲಂಡನ್ನಿನ ಟ್ರಫಾಲ್ಗರ್ ಚೌಕದ ನಾಲ್ಕನೇ ಜಾರ್ಜ್ ಪ್ರತಿಮೆಯಲ್ಲೂ ಅವೆರಡನ್ನೂ ಬಿಟ್ಟಿದ್ದಾನೆ. ಒಬ್ಬನೇ ಮನುಷ್ಯ ಒಂದೇ ವಸ್ತುವನ್ನು ಮತ್ತೆ ಮತ್ತೆ ಮರೆಯುತ್ತಾನೆಯೇ? ರೋಮನ್ನರ ಕಾಲದಲ್ಲಿ ರಿಕಾಪು ಇರಲಿಲ್ಲ, ಮಾರ್ಕಸ್‌ನ ಕುದುರೆಗೂ ಇಲ್ಲ. ಆ ಘನತೆಯನ್ನು ಅನುಕರಿಸಲೆಂದೇ ಚಾಂಟ್ರಿ ಬಿಟ್ಟದ್ದು. ಬೇಲೂರಿನವರಿಗೆ ಈ ಬಗೆಯ ಕಥೆ ಹೊಸದಲ್ಲ. ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆ ಸಿಕ್ಕಿತೆಂದು ಜಕಣಾಚಾರಿ ಬಲಗೈ ಕಡಿದುಕೊಂಡ ಕಥೆಯನ್ನು ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ಇಂದಿಗೂ ಹೇಳುತ್ತಾರೆ. ಒಳ್ಳೆಯ ಕೆಲಸ ಕಂಡಾಗ ಅದರಲ್ಲೊಂದು ಕುಂದು ಹುಡುಕಿ ಶಿಲ್ಪಿಯನ್ನು ಶಿಕ್ಷಿಸುವ ಆಸೆ ಜನರಿಗೆ ಎಲ್ಲ ಕಡೆಯೂ ಇದೆ. ನಿಜವಾಗಿ ಬೇಲೂರಿನಲ್ಲಿ ದುಡಿದ ದಾಸೋಜ, ಚಾವಣರಂತಹ ರೂವಾರಿಗಳು ತಮ್ಮ ಹೆಸರನ್ನು ಕಲ್ಲಿನಲ್ಲೇ ಕೆತ್ತಿ ಹೋಗಿದ್ದಾರೆ. ಜಕಣನ ಹೆಸರು ಅಲ್ಲಿಲ್ಲ.

ಕರ್ನಾಟಕದಲ್ಲಿ ಇಂತಹ ಪ್ರತಿಮೆಗಳು ಎಲ್ಲಿವೆ?

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ಕುದುರೆಯ ಮೇಲಿದ್ದಾರೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಹಿಂದಿರುಗಿಸಿದಾಗ ಪಟ್ಟಕ್ಕೆ ಬಂದ ದೊರೆ. 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರದೇ ಇನ್ನೊಂದು ಪ್ರತಿಮೆ ಮೈಸೂರಿನ ಅರಮನೆಯ ಹತ್ತಿರದ ವೃತ್ತದಲ್ಲಿದೆ, ಅಲ್ಲಿ ಕುದುರೆ ಇಲ್ಲ, ನಿಂತಿದ್ದಾರೆ.

ಸ್ವಾತಂತ್ರ್ಯದ ನಂತರ ಕುದುರೆಯ ಮೇಲೆ ಕುಳಿತವರು ಬದಲಾದರು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಕತ್ತಿ ಹಿಡಿದ ಕಿತ್ತೂರು ರಾಣಿ, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಸಂಗೊಳ್ಳಿ ರಾಯಣ್ಣ. ದಿಲ್ಲಿಯ ಸಂಸತ್ ಭವನದ ಆವರಣದಲ್ಲೂ ಚೆನ್ನಮ್ಮನ ಪ್ರತಿಮೆ 2007ರ ಸೆಪ್ಟೆಂಬರ್ 11ರಂದು ಅನಾವರಣಗೊಂಡಿತು. ಕಂಪನಿಯ ಗವರ್ನರುಗಳನ್ನು ಕೂರಿಸಲು ಬಂದ ಮಾದರಿಯ ಮೇಲೆ ಕಂಪನಿಯ ವಿರುದ್ಧ ಕತ್ತಿ ಎತ್ತಿದವರೇ ಹತ್ತಿ ಕುಳಿತರು. ಇದು ನನಗೆ ಬಹಳ ಇಷ್ಟವಾದ ಸೇಡು.

ನಮ್ಮ ಹಾಸನದ ವೃತ್ತದಲ್ಲಿ?

ಹಾಸನದವರಿಗೆ ವೃತ್ತದ ಪ್ರತಿಮೆ ಎಂದರೆ ಮೊದಲು ನೆನಪಾಗುವುದು ಹೇಮಾವತಿ. ಮೆರವಣಿಗೆ ಹೊರಡುವುದೂ ಅಲ್ಲಿಂದ, ಧರಣಿ ಕೂರುವುದೂ ಅಲ್ಲಿ. ಗದ್ದೆಗೆ ನೀರು ಕೊಡುವ ನದಿಯನ್ನೇ ನಡುಬೀದಿಯಲ್ಲಿ ನಿಲ್ಲಿಸಿದ ಊರು ಕುದುರೆಯ ಸವಾರನಿಲ್ಲವೆಂದು ಕೊರಗಬೇಕಿಲ್ಲ.

ಹೊಯ್ಸಳರ ಸಳ ಕುದುರೆಯ ಮೇಲೆ ಕುಳಿತು ಹುಲಿ ಕೊಂದನೇ?

ಇಲ್ಲ. ಲಾಂಛನದಲ್ಲಿ ಸಳ ಕಾಲ ಮೇಲೆಯೇ ನಿಂತು ಮೃಗವನ್ನು ಇರಿಯುತ್ತಾನೆ. ಕಥೆ ನಡೆದದ್ದೆಂದು ಹೇಳುವ ಸೊಸೆವೂರು, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಇಂದಿಗೂ ಮಲೆನಾಡು. ಆ ಕಾಡಿನಲ್ಲಿ ಕುದುರೆ ಓಡಿಸುವುದೂ ಸುಲಭವಲ್ಲ.

ಹಾಗಾದರೆ ಹೊಯ್ಸಳರಲ್ಲಿ ಕುದುರೆ ಸವಾರನ ಶಿಲ್ಪವೇ ಇಲ್ಲವೇ?

ಇದೆ, ಲೆಕ್ಕ ಸಿಗದಷ್ಟು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಿಂದ ಮೇಲಕ್ಕೆ ನೋಡುತ್ತ ಬನ್ನಿ: ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಯ ಪಟ್ಟಿಕೆ, ಅದಾದ ಮೇಲೆ ಕುದುರೆ ಸವಾರರ ಸಾಲು. ದೇವಾಲಯದ ಸುತ್ತ ಎಲ್ಲಿ ತಿರುಗಿದರೂ ಸವಾರರು ನಿಮ್ಮ ಜೊತೆಗೇ ಬರುತ್ತಾರೆ. ಬಳಪದ ಕಲ್ಲು ಮೆದುವಾದ್ದರಿಂದ ಲಗಾಮು, ಜೀನು, ಕುದುರೆಯ ಕೊರಳಿನ ಸರದವರೆಗೆ ಬಿಡಿಸಿದ್ದಾರೆ. ಹೆಚ್ಚಿನ ಪ್ರವಾಸಿಗರು ಮೇಲಿನ ರಾಮಾಯಣ, ಮಹಾಭಾರತದ ಸಾಲಿಗೆ ಕಣ್ಣು ಹಾಯಿಸಿ ಕೆಳಗಿನದನ್ನು ಬರೀ ಅಂಚು ಎಂದುಕೊಂಡು ಮುಂದೆ ಹೋಗುತ್ತಾರೆ. ಕುಳಿತು ನೋಡಬೇಕಾದ ಸಾಲು ಅದು, ಏಕೆಂದರೆ ಒಬ್ಬ ಸವಾರ ಇನ್ನೊಬ್ಬನಂತಿಲ್ಲ.

ಈ ಸವಾರರಿಗೆ ಹೆಸರಿಲ್ಲ. ಅವರು ಸೈನ್ಯ. ಒಳ್ಳೆಯ ಕುದುರೆಗಳು ಅರಬ್ ದೇಶಗಳಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತಬೇಕಿತ್ತು. ದಕ್ಷಿಣದ ಹವೆಯಲ್ಲಿ ಅವು ಹೆಚ್ಚು ಕಾಲ ಬದುಕುತ್ತಲೂ ಇರಲಿಲ್ಲ. ಆ ದುಬಾರಿ ಪ್ರಾಣಿಯನ್ನು ದೇವರ ಗೋಡೆಯ ಸುತ್ತ ಮುಗಿಯದ ಸಾಲಾಗಿ ಕೆತ್ತಿಸುವುದೆಂದರೆ ಅರಸ ತನ್ನ ಬೊಕ್ಕಸವನ್ನೂ ಅಷ್ಟಿಷ್ಟು ತೋರಿಸಿದಂತೆಯೇ.

ಹೆಸರಿರುವ ಸವಾರರು ಎಲ್ಲಿದ್ದಾರೆ?

ವೀರಗಲ್ಲುಗಳಲ್ಲಿ. ನನ್ನ ಮಟ್ಟಿಗೆ ಈ ಪುಟದ ತಿರುಳು ಇದೇ.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ: ವೀರ ಬಿಲ್ಲು ಅಥವಾ ಕತ್ತಿ ಹಿಡಿದು ನಿಂತಿರುತ್ತಾನೆ, ಅಥವಾ ಕುದುರೆಯ ಮೇಲಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಸನ್ನಿಧಿಯಲ್ಲೋ ಜಿನನ ಎದುರಿಗೋ ಕುಳಿತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಬರಹ. ಕುದುರೆಯ ಮೇಲಿದ್ದವನ ತಲೆಯ ಮೇಲೆ ಕೊಡೆ ಹಿಡಿದಿದ್ದರೆ ಅವನು ನಾಯಕನೋ ಸಾಮಂತನೋ ಆಗಿರುತ್ತಾನೆ. ಹೆಚ್ಚಿನ ವೀರರು ಕಾಲಾಳುಗಳು. ಊರ ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತವರು, ಹೆಣ್ಣಿನ ಮಾನಕ್ಕಾಗಿ ಸತ್ತವರು, ಊರು ಸುಡಲು ಬಂದವರನ್ನು ತಡೆದು ಸತ್ತವರು.

ಇಂದಿನ ವೃತ್ತದ ಪ್ರತಿಮೆಗಳ ಪೀಠವನ್ನು ಒಮ್ಮೆ ಓದಿ. ಅನಾವರಣ ಮಾಡಿದವರ ಹೆಸರು ದಪ್ಪಕ್ಷರದಲ್ಲಿ, ಅಧ್ಯಕ್ಷತೆ ವಹಿಸಿದವರದು ಅದರ ಕೆಳಗೆ, ಗುತ್ತಿಗೆದಾರರದು ಕೊನೆಗೆ ಇರುತ್ತದೆ. ಪ್ರತಿಮೆಯಲ್ಲಿರುವ ವ್ಯಕ್ತಿ ಎಲ್ಲಿ ಹುಟ್ಟಿದ, ಏನು ಮಾಡಿದ ಎಂಬುದಕ್ಕೆ ಜಾಗ ಉಳಿದಿರುವುದಿಲ್ಲ. ಸಾವಿರ ವರ್ಷದ ಹಿಂದಿನ ಹಳ್ಳಿಯ ಕಲ್ಲುಕುಟಿಗ ಯಾರು, ಯಾವ ಅರಸನ ಕಾಲ, ಯಾವ ಊರಿನ ಕಾಳಗ, ಏಕೆ ಸತ್ತ, ಮನೆಯವರಿಗೆ ಯಾವ ಭೂಮಿ ಬಿಟ್ಟರು ಎಂಬುದನ್ನು ನಾಲ್ಕೈದು ಸಾಲಿನಲ್ಲಿ ಮುಗಿಸುತ್ತಿದ್ದ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು 5ನೇ ಶತಮಾನದ್ದು, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಎಲ್ಲರೂ ಬಲ್ಲರು. ಅದರಲ್ಲಿರುವುದೂ ಹೋರಾಡಿದವನೊಬ್ಬನ ವಿಷಯವೇ: ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದ ಗೌರವವಾಗಿ, ಕೊಟ್ಟದ್ದು.

ಕುದುರೆಯ ಮೇಲೆ ಹೆಂಗಸರ ಶಿಲ್ಪ ಇದೆಯೇ?

ಇದೆ, ನಮ್ಮ ಜಿಲ್ಲೆಯಲ್ಲೇ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 10ನೇ ಶತಮಾನದ ಒಂದು ಕಲ್ಲಿದೆ. ಸಾವಿಯಬ್ಬೆ ಎಂಬ ಜೈನ ಶ್ರಾವಕಿಯ ನೆನಪಿನದು. ಗಂಡ ಲೋಕವಿದ್ಯಾಧರನ ಜೊತೆ ಯುದ್ಧಕ್ಕೆ ಹೋಗಿ ಬಗೆಯೂರಿನ ಕಾಳಗದಲ್ಲಿ ಮಡಿದವಳು. ಶಿಲ್ಪದಲ್ಲಿ ಅವಳು ಕುದುರೆಯ ಮೇಲಿದ್ದಾಳೆ, ಕತ್ತಿ ಎತ್ತಿದ್ದಾಳೆ, ಎದುರಿಗೆ ಆನೆಯ ಮೇಲೆ ಕುಳಿತ ಶತ್ರು. ಬರಹ ಅವಳನ್ನು ಸೀತೆ, ಅರುಂಧತಿಯರ ಸಾಲಿನಲ್ಲಿಟ್ಟು ಹೊಗಳುತ್ತದೆ.

ಗಂಡನ ಚಿತೆ ಏರಿದವಳಿಗೆ ಮಾಸ್ತಿಕಲ್ಲು ನಿಲ್ಲಿಸುವ ಪದ್ಧತಿ ನಮಗೆ ಗೊತ್ತು. ಅಲ್ಲಿ ಬಳೆ ತೊಟ್ಟ ಒಂದು ತೋಳು ಮಾತ್ರ ಕಂಬದಿಂದ ಚಾಚಿರುತ್ತದೆ. ಸಾವಿಯಬ್ಬೆಯದು ಬೇರೆ. ಅವಳಿಗೆ ಮುಖವಿದೆ, ಆಯುಧವಿದೆ, ಕುದುರೆ ಇದೆ, ತಂದೆ ತಾಯಿಯರ ಹೆಸರಿದೆ. ಗೊಮ್ಮಟನನ್ನು ನೋಡಲು ಮೆಟ್ಟಿಲು ಹತ್ತುವ ಲಕ್ಷಾಂತರ ಜನರಲ್ಲಿ ಅವಳನ್ನು ಕೇಳುವವರು ಕಡಿಮೆ. ಹಾಸನಕ್ಕೆ ಕುದುರೆ ಪ್ರತಿಮೆ ಬೇಕೇ ಬೇಕೆನ್ನುವವರಿಗೆ ನನ್ನ ಉತ್ತರ ಇವಳೇ.

ಬೆಳವಡಿ ಮಲ್ಲಮ್ಮ ನಮ್ಮ ಚಿಕ್ಕಮಗಳೂರಿನ ಬೆಳವಾಡಿಯವಳೇ?

ಅಲ್ಲ. ಶಿವಾಜಿಯ ಸೈನ್ಯವನ್ನು ಎದುರಿಸಿದ ಮಲ್ಲಮ್ಮನ ಬೆಳವಡಿ ಬೆಳಗಾವಿ ಜಿಲ್ಲೆಯಲ್ಲಿದೆ. ನಮ್ಮ ಬೆಳವಾಡಿ ವೀರನಾರಾಯಣ ದೇವಾಲಯದ ಊರು.

ಸರ್ಕಾರ ಬದಲಾದಾಗ ಈ ಪ್ರತಿಮೆಗಳಿಗೆ ಏನಾಗುತ್ತದೆ?

ಅದೃಷ್ಟ ಇದ್ದರೆ ಸ್ಥಳ ಬದಲಾಗುತ್ತದೆ, ಇಲ್ಲದಿದ್ದರೆ ಕುಲುಮೆ. ನ್ಯೂಯಾರ್ಕಿನಲ್ಲಿ 1770ರಲ್ಲಿ ನಿಂತ ಮೂರನೇ ಜಾರ್ಜ್ ದೊರೆಯ ಸೀಸದ ಕುದುರೆಯನ್ನು 1776ರ ಜುಲೈ 9ರಂದು ಜನ ಹಗ್ಗ ಕಟ್ಟಿ ಎಳೆದು ಬೀಳಿಸಿದರು. ಸೀಸವನ್ನು ಕರಗಿಸಿ 42,088 ಗುಂಡುಗಳನ್ನು ಮಾಡಿ ಅದೇ ದೊರೆಯ ಸೈನಿಕರ ಮೇಲೆ ಹಾರಿಸಿದರು. ಪ್ಯಾರಿಸ್‌ನಲ್ಲಿ ನಾಲ್ಕನೇ ಹೆನ್ರಿಯ ಪ್ರತಿಮೆ 1792ರಲ್ಲಿ ಕ್ರಾಂತಿಕಾರರ ಕೈಯಲ್ಲಿ ಉರುಳಿ, 1818ರಲ್ಲಿ ಹೊಸದಾಗಿ ಎದ್ದಿತು. ಲಿಯೊನಾರ್ಡೊ ಮಿಲಾನಿನಲ್ಲಿ ಮಾಡಿದ ದೊಡ್ಡ ಕುದುರೆಗೆ ಆ ಭಾಗ್ಯವೂ ಇಲ್ಲ. ಎರಕಕ್ಕೆಂದು ಕೂಡಿಟ್ಟ ಕಂಚು 1494ರಲ್ಲಿ ಫಿರಂಗಿಗೆ ಹೋಯಿತು, ಮಣ್ಣಿನ ಮಾದರಿ ಫ್ರೆಂಚ್ ಬಿಲ್ಲುಗಾರರ ಗುರಿಹಲಗೆಯಾಯಿತು.

ಮುಂಬಯಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಮುಂದೆ ಏಳನೇ ಎಡ್ವರ್ಡ್ ಆದ ರಾಜಕುಮಾರನ ಕುದುರೆ ಪ್ರತಿಮೆ 1879ರಲ್ಲಿ ಅಲ್ಲಿ ಅನಾವರಣಗೊಂಡಿತು. ಜನ ಸವಾರನನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಆ ಜಾಗವನ್ನು ಕಾಲಾ ಘೋಡಾ, ಕರಿ ಕುದುರೆ, ಎಂದೇ ಕರೆದರು. 1965ರಲ್ಲಿ ಪ್ರತಿಮೆಯನ್ನು ತೆಗೆದು ಬೈಕುಲ್ಲಾದ ಪ್ರಾಣಿ ಸಂಗ್ರಹಾಲಯದ ತೋಟಕ್ಕೆ ಸಾಗಿಸಿದರು. ಹೆಸರು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. 2017ರಲ್ಲಿ ಅಲ್ಲಿ ಮತ್ತೊಂದು ಕರಿ ಕುದುರೆಯನ್ನು ನಿಲ್ಲಿಸಿದರು, ಈ ಸಲ ಸವಾರನೇ ಇಲ್ಲ. ಚಕ್ರವರ್ತಿಯನ್ನು ಇಳಿಸಿ ಕುದುರೆಯನ್ನು ಉಳಿಸಿಕೊಂಡ ಊರು ಅದು.

ನಮ್ಮೂರಿನ ವೃತ್ತದಲ್ಲಿ ಕುದುರೆ ಪ್ರತಿಮೆ ನಿಲ್ಲಿಸಬಹುದೇ?

ಚಂದಾ ಎತ್ತುವ ಮೊದಲು ಒಂದು ವಿಷಯ ತಿಳಿದಿರಲಿ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ಇತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಬೀದಿದೀಪಕ್ಕೆ, ಸಂಚಾರದ ಕೆಲಸಕ್ಕೆ ವಿನಾಯಿತಿ ಇದೆ, ವೀರಪುರುಷರಿಗೆ ಇಲ್ಲ. ಹಾಗಾಗಿ ರಾತ್ರೋರಾತ್ರಿ ಪ್ರತಿಮೆ ತಂದಿಟ್ಟು ಬೆಳಗ್ಗೆ ಪೊಲೀಸರೊಂದಿಗೆ ವಾದಕ್ಕಿಳಿಯುವ ಬದಲು ರಸ್ತೆಯಿಂದ ಹೊರಗೆ, ಉದ್ಯಾನದಲ್ಲೋ ಸಂಸ್ಥೆಯ ಸ್ವಂತ ಆವರಣದಲ್ಲೋ ಜಾಗ ನೋಡಿ, ಸ್ಥಳೀಯ ಆಡಳಿತದ ಲಿಖಿತ ಅನುಮತಿ ಪಡೆಯಿರಿ. ಬೇಲೂರು, ಹಳೇಬೀಡಿನಲ್ಲಿ ಇನ್ನೂ ಬಿಗಿ: ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಎರಡು ಊರುಗಳ ದೇವಾಲಯಗಳು ಸೋಮನಾಥಪುರದ ಜೊತೆಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ.

ಹೊಲದಲ್ಲಿ ಕುದುರೆ ಕೆತ್ತಿದ ಕಲ್ಲು ಸಿಕ್ಕಿದೆ. ಏನು ಮಾಡಲಿ?

ಮೊದಲು, ಏನೂ ಮಾಡಬೇಡಿ. ಬಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಅಕ್ಷರ ಕಾಣಲೆಂದು ಮೊಳೆಯಿಂದ ಕೆರೆಯಬೇಡಿ, ಆಸಿಡ್‌ನಿಂದ ತೊಳೆಯಬೇಡಿ. ಮೆತ್ತನೆಯ ಬ್ರಷ್ ಮತ್ತು ನೀರು ಸಾಕು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಲ್ಲನ್ನು ಇದ್ದಲ್ಲಿಂದ ಕದಲಿಸಬೇಡಿ, ಏಕೆಂದರೆ ಅದು ನಿಂತ ಜಾಗವೂ ಚರಿತ್ರೆಯ ಭಾಗ. ಆಮೇಲೆ ತಹಶೀಲ್ದಾರರ ಕಚೇರಿಗೆ ಅಥವಾ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲು ಸಿಕ್ಕಿದ ಮಾತ್ರಕ್ಕೆ ಇಡೀ ಹೊಲ ಸರ್ಕಾರದ ಪಾಲಾಗುತ್ತದೆಂಬ ಭಯದಿಂದ ಎಷ್ಟೋ ಕಲ್ಲುಗಳು ಮತ್ತೆ ಮಣ್ಣು ಸೇರಿವೆ. ಆ ಭಯ ಬೇಡ.

ಬರಹವಿದ್ದರೆ ಅದು ಈಗಾಗಲೇ ದಾಖಲಾಗಿದೆಯೇ ನೋಡಿ. ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯದು, 6ನೆಯದು ಕಡೂರು ಜಿಲ್ಲೆಯದು. ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರು ಅದು. ತಾಲ್ಲೂಕು, ಊರುಗಳ ಪ್ರಕಾರ ಜೋಡಿಸಿದ್ದಾರೆ. ನಿಮ್ಮ ಊರಿನ ಹೆಸರು ತೆಗೆದು ನೋಡಿದರೆ, ಈಗ ಬಟ್ಟೆ ಒಗೆಯಲು ಬಳಸುವ ಕಲ್ಲು, ಮೋರಿಗೆ ಹಾಸಿದ ಚಪ್ಪಡಿ ನೂರಿಪ್ಪತ್ತು ವರ್ಷದ ಹಿಂದೆ ಯಾರ ಹೆಸರು ಹೊತ್ತು ನಿಂತಿತ್ತೆಂದು ತಿಳಿಯಬಹುದು.

ಕುದುರೆಗಳನ್ನೇ ನೋಡಲೆಂದು ಒಂದು ದಿನ ಹೊರಟರೆ ಎಲ್ಲಿಗೆ ಹೋಗಬೇಕು?

ಹಾಸನದಿಂದ ಬೆಳಗ್ಗೆಯೇ ಹಳೇಬೀಡಿಗೆ ಹೋಗಿ. ಮೊದಲು ಗೋಡೆಯ ಬುಡದ ಸವಾರರ ಸಾಲು, ಆಮೇಲೆ ಆವರಣದ ವಸ್ತುಸಂಗ್ರಹಾಲಯ. ಕುವರ ಲಕ್ಷ್ಮನ ಗರುಡಗಂಬವನ್ನೂ ಬಿಡಬೇಡಿ. ಅಲ್ಲಿ ಕುದುರೆ ಇಲ್ಲ, ಆದರೆ ಎರಡನೇ ಬಲ್ಲಾಳನ ಜೊತೆಗೇ ಪ್ರಾಣ ಬಿಟ್ಟ ಲಕ್ಷ್ಮ ಮತ್ತವನ ಸಂಗಡಿಗರ ಕಥೆ ಇದೆ. ಬೇಲೂರು ಅಲ್ಲಿಂದ 16 ಕಿ.ಮೀ. ಶ್ರವಣಬೆಳಗೊಳ ಹಾಸನದ ಇನ್ನೊಂದು ದಿಕ್ಕಿಗೆ ಸುಮಾರು 50 ಕಿ.ಮೀ. ಇರುವುದರಿಂದ ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ; ಬಿಸಿಲೇರಿದ ಮೇಲೆ ಬರಿಗಾಲಿನಲ್ಲಿ ಗೊಮ್ಮಟನ ಬೆಟ್ಟದ ಬಂಡೆಯ ಮೇಲೆ ನಡೆಯಲಾಗುವುದಿಲ್ಲ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.